ಮನೆಯೇ ಮೇರೆಯಾದ ದಿನಗಳು



ಕಳೆದ ದಶಲಕ್ಷಣ ಪರ್ವದಲ್ಲಿ ಒಂದು ಸಂಜೆ ನಮ್ಮ ಬಸದಿಯಲ್ಲಿ ಪಂಡಿತರು ಶ್ರಾವಕರ ಹನ್ನೆರಡು ವ್ರತಗಳನ್ನು ಕುರಿತು ಹೇಳುತ್ತಿದ್ದರು. ದಿಗ್ವ್ರತ, ದೇಶವ್ರತಗಳ ಪ್ರಸ್ತಾಪ ಬಂತು. ಇಂಥ ನದಿ, ಇಂಥ ಬೆಟ್ಟ ದಾಟಿ ಹೋಗುವುದಿಲ್ಲ ಎಂದು ಜೀವಮಾನಕ್ಕೆಲ್ಲ ದಿಕ್ಕುಗಳಿಗೆ ಮೇರೆ ಹಾಕಿಕೊಳ್ಳುವುದು ದಿಗ್ವ್ರತ. ಆ ಮೇರೆಯೊಳಗೇ ಇಷ್ಟು ದಿನ, ಇಷ್ಟು ತಿಂಗಳು ಈ ಊರು, ಈ ಓಣಿ, ಈ ಮನೆ ಎಂದು ಇನ್ನೂ ಕಿರಿದು ಮಾಡಿಕೊಳ್ಳುವುದು ದೇಶವ್ರತ. ಹಿಂದೆ ಕುಳಿತಿದ್ದ ಕಾಲೇಜು ಹುಡುಗನೊಬ್ಬ ಎದ್ದು, "ಹಂಗಾದ್ರ ಲಾಕ್‌ಡೌನ್‌ದಾಗ ನಾವೆಲ್ಲಾರೂ ದೇಶವ್ರತ ಮಾಡಿದಂಗ ಆತಲ್ರಿ?" ಎಂದು ಕೇಳಿದ. ಎಲ್ಲರೂ ನಕ್ಕರು. ಪಂಡಿತರೂ ನಕ್ಕು, "ಗ್ವಾದಲಿಗೆ ಕಟ್ಟಿದ ಎತ್ತು ಮೇವಿಲ್ಲದ ನಿಂತ್ರ ಅದು ಉಪವಾಸ ಆಗತದೇನಪ್ಪ?" ಎಂದರು. ನಾವೂ ನಕ್ಕೆವು. ಆದರೆ ಹೆಣ್ಣುಮಕ್ಕಳ ಸಾಲಿನಲ್ಲಿ ಕುಳಿತಿದ್ದ ನಮ್ಮ ಮನೆಯವರು ಮಾತ್ರ ನಗಲಿಲ್ಲ. ಯಾಕೆ ನಗಲಿಲ್ಲ ಎಂಬುದು ಆ ಸಭೆಯಲ್ಲಿ ನಮಗೊಬ್ಬರಿಗೇ ಗೊತ್ತಿತ್ತು. ಅದನ್ನು ಬರೆದರೆ ನಮ್ಮಂಥ ಅಂಗಡಿಕಾರರ ಮನೆಗಳಲ್ಲಿ ಯಾರಿಗಾದರೂ ಉಪಯೋಗವಾದೀತು ಎಂದು ಈ ನಾಲ್ಕು ಮಾತು.

ನಮ್ಮದು ಅಕ್ಕಲಕೋಟೆ. ನಲವತ್ತು ವರ್ಷ ಕಾಳು ಕಡಿಯ ಅಡತಿ ಅಂಗಡಿ ನಡೆಸಿದವರು. 2018ರ ದೀಪಾವಳಿ ಪಾಡ್ಯದಂದು ಹೊಸ ಕೀರ್ದಿ ಪುಸ್ತಕವನ್ನು ತಮ್ಮನ ಮಗನ ಕೈಗೆ ಕೊಟ್ಟು, "ಇನ್ನು ನೀ ನೋಡಿಕೊಳ್ಳಪ್ಪ" ಎಂದು ನಿವೃತ್ತರಾದೆವು. ನಮ್ಮ ಮಗ ಪುಣೆಯಲ್ಲಿ ನೌಕರಿಯಲ್ಲಿದ್ದಾನೆ. ಮಗಳು ಸಾಂಗ್ಲಿ ಕಡೆಗೆ. ಮನೆಯಲ್ಲಿ ಉಳಿದವರು ನಾವಿಬ್ಬರೇ. ಆದರೆ ನಿವೃತ್ತಿ ಎಂಬುದು ಬರೀ ಬಾಯಿಮಾತು. ಬೆಳಿಗ್ಗೆ ಬಸದಿಗೆ ಹೋಗಿ ದರ್ಶನ ಮುಗಿಸಿ, ತಿಂಡಿ ತಿಂದು ಟೋಪಿ ಹಾಕಿಕೊಂಡು ಹೊರಟರೆ ಅಂಗಡಿಯ ಗಾದಿಯ ಮೂಲೆಯಲ್ಲಿ ಕುಳಿತು ಬಂದವರೊಡನೆ ಮಾತನಾಡಿ, ಮಧ್ಯಾಹ್ನ ಊಟಕ್ಕೆ ಬಂದು, ಮತ್ತೆ ಹೋಗಿ, ಹೊತ್ತು ಮುಳುಗುವ ಮುಂಚೆ ಊಟಕ್ಕೆ ಮರಳುವುದು. ಮನೆ ಎಂದರೆ ಉಣ್ಣುವ, ಮಲಗುವ ಜಾಗ ಎಂಬಷ್ಟೇ ನಮ್ಮ ಪರಿಚಯ.

2020ರ ಮಾರ್ಚ್ ತಿಂಗಳಲ್ಲಿ ಈ ರೋಗದ ಮೊದಲ ಭಯ ನಮಗೆ ಮುಂಬಯಿ ಪುಣೆಗಳಿಂದ ಬಂದದ್ದಕ್ಕಿಂತ ಹೆಚ್ಚಾಗಿ ಕಲಬುರಗಿಯಿಂದ ಬಂತು. ದೇಶದಲ್ಲಿ ಈ ರೋಗದಿಂದ ಮೊದಲು ತೀರಿಕೊಂಡವರು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು. ನಮಗೆ ಕಲಬುರಗಿ ಎಂದರೆ ತೊಗರಿಯ ಪೇಟೆ, ಬೀಗರ ಊರು. ಮಾರ್ಚ್ 22ರ ಜನತಾ ಕರ್ಫ್ಯೂ ದಿನ ಸಂಜೆ ಎಲ್ಲರಂತೆ ನಾವೂ ತಾಟು ಬಾರಿಸಿದೆವು. 24ರ ರಾತ್ರಿ ಪ್ರಧಾನಿಯವರು 21 ದಿನ ಮನೆಬಿಟ್ಟು ಹೊರಬೀಳಬಾರದೆಂದು ಹೇಳಿದರು. ಮರುದಿನ 25, ಯುಗಾದಿ. ಬೇವು ತಂದುಕೊಡುವವರಿಲ್ಲ, ಬಸದಿಗೆ ಹೋಗುವಂತಿಲ್ಲ. ಬಾಗಿಲಲ್ಲಿ ನಿಂತು ಬಸದಿಯ ದಿಕ್ಕಿಗೆ ಕೈ ಮುಗಿದು ವರ್ಷ ಆರಂಭ ಮಾಡಿದೆವು. ಪಂಡಿತರೊಬ್ಬರೇ ಒಳಗಿನಿಂದ ಕದ ಹಾಕಿಕೊಂಡು ಅಭಿಷೇಕ ಪೂಜೆ ಮಾಡುತ್ತಾರೆಂದು ತಿಳಿಯಿತು. ಸ್ವಾಮಿ ಸಮರ್ಥರ ದರ್ಶನಕ್ಕೆಂದು ದಿನವೂ ಮೋಟಾರುಗಳು ತುಂಬಿ ಬರುವ ನಮ್ಮ ಊರಿನಲ್ಲಿ ಹಗಲು ಹೊತ್ತಿಗೇ ಗುಬ್ಬಿಗಳ ಸದ್ದು ಕೇಳಿಸತೊಡಗಿತು.

ಮೊದಲ ಎಂಟು ದಿನ ನಾವು ಮಾಡಿದ ಕೆಲಸವೆಂದರೆ ಮನೆಯವರ ಕೆಲಸಕ್ಕೆ ಅಡ್ಡಿ ಮಾಡಿದ್ದು. ಪಡಸಾಲೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಹಿತ್ತಲಕ್ಕೆ ಓಡಾಟ. ಬೇಳೆಯ ಡಬ್ಬಿ ತೆಗೆದು ನೋಡಿ, "ಇದು ಎಷ್ಟು ದಿನಕ್ಕ ಬರತದ?" ಎನ್ನುವುದು. ಎಣ್ಣೆ ಹಾಕುವಾಗ ನೋಡಿ, "ಅಷ್ಟ್ಯಾಕ?" ಎನ್ನುವುದು. ತಾಸಿಗೊಮ್ಮೆ ಚಹಾ ಕೇಳುವುದು. ನಾಲ್ಕನೆಯ ದಿನ ಅವರು ಸೌಟು ಕೆಳಗಿಟ್ಟು ಹೇಳಿದರು: "ರೀ, ನೀವು ಅಂಗಡಿ ಬಿಟ್ಟೀರಿ, ಖರೆ. ಅಂಗಡಿ ನಿಮ್ಮನ್ನ ಬಿಟ್ಟಿಲ್ಲ. ಈಗ ನಾ ನಿಮ್ಮ ಗುಮಾಸ್ತ ಆದಂಗ ಆಗ್ಯದ."

ಎಂಟನೆಯ ದಿನ ನಾವು ಬೇಸತ್ತು, "ಜೇಲಿನಾಗ ಕುಂತಂಗ ಆಗ್ಯದ ನೋಡು" ಎಂದೆವು. ಅವರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ, "ಎಂಟ ದಿನಕ್ಕ ಜೇಲು ಅನಸ್ತದೇನ್ರಿ?" ಎಂದು ಮತ್ತೆ ಕಲ್ಲು ಆರಿಸತೊಡಗಿದರು. ಆ ಮಾತು ಆಗ ನಮಗೆ ತಿಳಿಯಲಿಲ್ಲ. ತಮಾಷೆ ಎಂದುಕೊಂಡೆವು.

ಬರಬರುತ್ತ ದಿನಕ್ಕೊಂದು ಕ್ರಮ ಬಂತು. ಐದಕ್ಕೆ ಏಳುವುದು. ಸ್ನಾನ ಮಾಡಿ ಎರಡು ಘಳಿಗೆ, ಅಂದರೆ 48 ನಿಮಿಷ, ಸಾಮಾಯಿಕಕ್ಕೆ ಕೂಡುವುದು. ಅಂಗಡಿಯ ಕಾಲದಲ್ಲಿ ನಮ್ಮ ಸಾಮಾಯಿಕ ಹತ್ತು ನಿಮಿಷಕ್ಕೇ ಮುಗಿಯುತ್ತಿತ್ತು. ಕಣ್ಣು ಮುಚ್ಚಿದರೆ ಸಾಕು, ಪೇಟೆಯ ಧಾರಣಿ ಕಾಣುತ್ತಿತ್ತು. ಈಗ ಧಾರಣಿ ಇಲ್ಲ, ಪೇಟೆ ಇಲ್ಲ. ಆದರೂ ಮನಸ್ಸು ನಿಲ್ಲಲಿಲ್ಲ. ಆಗ ಗೊತ್ತಾಯಿತು, ತಪ್ಪು ಪೇಟೆಯದಲ್ಲ ಎಂದು. ಒಂಬತ್ತಕ್ಕೆ ಟಿವಿಯಲ್ಲಿ ದೂರದರ್ಶನದವರು ಮತ್ತೆ ಹಾಕಿದ ಹಳೆಯ ರಾಮಾಯಣ. ಸಂಜೆ ಹೊತ್ತಿರುವಾಗಲೇ ಊಟ. ಆಮೇಲೆ ಪುಣೆಯಿಂದ ಮೊಮ್ಮಗನ ಫೋನು. ಅವನ ಮುಖ ಫೋನಿನಲ್ಲಿ ಕಾಣುತ್ತಿತ್ತು. "ಅಜ್ಜಾ, ನೀವೂ ಮನೆಯಿಂದಲೇ ಕೆಲಸ ಮಾಡ್ತೀರಾ?" ಎಂದು ಕೇಳುತ್ತಿದ್ದ. "ಅಜ್ಜಿ ಮಾಡತಾಳಪ್ಪ, ನಾ ಕೂತಿರತೀನಿ" ಎಂದರೆ ನಗುತ್ತಿದ್ದ.

ಊಟಕ್ಕೆ ತೊಂದರೆಯಾಗಲಿಲ್ಲ. ಕಾಯಿಪಲ್ಲೆ ಸಿಗುವುದಿಲ್ಲ ಎಂದು ಪೇಟೆಯವರೆಲ್ಲ ಕಂಗಾಲಾದಾಗ ನಮ್ಮ ಮನೆಗಳಲ್ಲಿ ಅಷ್ಟು ಗದ್ದಲ ಇರಲಿಲ್ಲ. ಅಷ್ಟಮಿ, ಚತುರ್ದಶಿಗೆ ಹಸಿರು ತಿನ್ನದೆ ರೂಢಿಯಾದ ಅಡಿಗೆಮನೆ ಅದು. ಉಳ್ಳಾಗಡ್ಡಿ ಬಟಾಟೆಯ ಹಂಗಂತೂ ಮೊದಲೇ ಇಲ್ಲ. ಮಡಕಿ ಕಾಳು, ಹೆಸರು, ಕಡಲಿಬೇಳೆಯ ಜುಣಕ, ತೊಗರಿಬೇಳೆಯ ಕಟ್ಟು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಜೋಳದ ರೊಟ್ಟಿ. ಇಷ್ಟರಲ್ಲಿ ತಿಂಗಳು ಕಳೆಯಿತು. ಹಿರಿಯರು ಹಾಕಿಕೊಟ್ಟ ನಿಯಮಗಳು ಅಡಚಣಿಯ ಕಾಲಕ್ಕೆ ಹೇಗೆ ಕೈಹಿಡಿಯುತ್ತವೆ ಎಂಬುದನ್ನು ಕಣ್ಣಾರೆ ಕಂಡೆವು.

ತೊಂದರೆಯಾದದ್ದು ಹಿಟ್ಟಿಗೆ. ನಮ್ಮಲ್ಲಿ ಬೀಸಿದ ಹಿಟ್ಟಿಗೆ ಮರ್ಯಾದೆ ಉಂಟಷ್ಟೆ: ಚಳಿಗಾಲಕ್ಕೆ 7 ದಿನ, ಬೇಸಿಗೆಗೆ 5 ದಿನ, ಮಳೆಗಾಲಕ್ಕೆ 3 ದಿನ. ಓಣಿಯ ಗಿರಣಿ ಕೆಲವು ದಿನ ಮುಚ್ಚಿತು. ಐದನೆಯ ದಿನ ಉಳಿದ ಹಿಟ್ಟನ್ನು ಮುಗಿಸಿ, ಮನೆಯವರು ಅಟ್ಟದ ಕೆಳಗೆ ಮೂಲೆಯಲ್ಲಿದ್ದ ಬೀಸುಕಲ್ಲನ್ನು ಎಳೆಯಲು ಹೋದರು. ಎಳೆಯಲಾಗದೆ ಗೋಡೆ ಹಿಡಿದು ಕುಳಿತರು. ಎರಡೂ ಮೊಣಕಾಲು ಬಾತಿದ್ದವು. "ಎಂದಿನಿಂದ ಹಿಂಗ?" ಎಂದು ಕೇಳಿದರೆ, "ನಾಕ ವರ್ಷ ಆತು" ಎಂದರು. ನಾಲ್ಕು ವರ್ಷ! ದಿನಕ್ಕೆ ಎರಡು ಹೊತ್ತು ಅವರ ಕೈಯ ಊಟ ಉಂಡು ಎದ್ದವರು ನಾವು. ಹಮಾಲನ ಬೆನ್ನು ನೋಯುತ್ತಿದ್ದರೆ ಚೀಲ ಎತ್ತುವ ರೀತಿಯಿಂದಲೇ ಗುರುತಿಸುತ್ತಿದ್ದವರು. ಮನೆಯಲ್ಲಿ ನಡೆಯುವವರ ಕಾಲು ನೋಡಲಿಲ್ಲ.

ಅಂದಿನಿಂದ ನೀರಿನ ಕೆಲಸ ನಮ್ಮದಾಯಿತು. ಹಿತ್ತಲ ಬಾವಿಯಿಂದ ಸೇದಿ, ಎರಡು ಪದರದ ಬಟ್ಟೆಯಲ್ಲಿ ಗಾಳಿಸಿ, ಬಟ್ಟೆಯನ್ನು ಗಾಳಿಸಿದ ನೀರಿನಿಂದ ತೊಳೆದು, ಆ ನೀರನ್ನು ತಂಬಿಗೆಯಲ್ಲಿ ಇಳಿಬಿಟ್ಟು ಮೆಲ್ಲಗೆ ಬಾವಿಗೇ ಮುಟ್ಟಿಸುವುದು. ಹುಡುಗರಾಗಿದ್ದಾಗ ತಾಯಿಯವರು ಮಾಡುವುದನ್ನು ನೋಡಿದ್ದೆವು. ನಾವೇ ಮಾಡಿದ್ದು ಅರವತ್ತು ದಾಟಿದ ಮೇಲೆ. ಬೀಸುಕಲ್ಲಿಗೆ ಇಬ್ಬರೂ ಎದುರುಬದುರು ಕುಳಿತೆವು. ಅವರು ಸ್ಟೂಲಿನ ಮೇಲೆ, ನಾವು ನೆಲದ ಮೇಲೆ. ಗೂಟಕ್ಕೆ ಇಬ್ಬರೂ ಕೈ ಹಾಕಿ ತಿರುಗಿಸಿದರೆ ಮೊದಮೊದಲು ನಾವು ಒಂದು ಕಡೆ ಎಳೆಯುವುದು, ಅವರು ಒಂದು ಕಡೆ. "ನೀವು ಜಗ್ಗಬ್ಯಾಡ್ರಿ, ಕಲ್ಲು ತಿರಗೋ ಕಡೆಗೆ ಹೋಗ್ರಿ ಸಾಕು" ಎಂದರು. ಕಲಿಯಲು ಮೂರು ದಿನ ಹಿಡಿಯಿತು.

ಏಪ್ರಿಲ್ 6ರಂದು ಮಹಾವೀರ ಜಯಂತಿ. ಹಿಂದಿನ ರಾತ್ರಿ ಊರೆಲ್ಲ ಒಂಬತ್ತು ನಿಮಿಷ ದೀಪ ಹಚ್ಚಿತ್ತು. ಪಾಲಕಿ ಮೆರವಣಿಗೆ ಇಲ್ಲದ ಜಯಂತಿಯನ್ನು ನಾವು ಅದೇ ಮೊದಲು ಕಂಡದ್ದು. ಮೊಮ್ಮಗನ ಹಳೆಯ ತೊಟ್ಟಿಲನ್ನು ಅಟ್ಟದಿಂದ ಇಳಿಸಿ, ಮನೆಯಲ್ಲಿದ್ದ ಭಗವಂತರ ಚಿತ್ರವಿಟ್ಟು, ಇಬ್ಬರೇ ತೂಗಿದೆವು. ತೊಟ್ಟಿಲ ಹಾಡು ಮನೆಯವರೇ ಹೇಳಿದರು. ಅವರ ದನಿ ಅಷ್ಟು ಚೆನ್ನಾಗಿದೆ ಎಂಬುದು ಓಣಿಯವರಿಗೆಲ್ಲ ಗೊತ್ತಿತ್ತಂತೆ.

ಪಂಡಿತರು ಹೇಳುವ ದೇಶವ್ರತದ ಐದು ಅತಿಚಾರಗಳನ್ನು ಆ ದಿನಗಳಲ್ಲಿ ನಾವು ತಪ್ಪದೆ ಮಾಡಿದೆವು. ಮೇರೆಯ ಹೊರಗಿನಿಂದ ವಸ್ತು ತರಿಸುವುದು ಆನಯನ. ಫೋನು ಮಾಡಿ ಸಾಮಾನು ತರಿಸಿದೆವು. ಆಳನ್ನು ಕಳಿಸಿ ಕೆಲಸ ಮಾಡಿಸುವುದು ಪ್ರೇಷ್ಯಪ್ರಯೋಗ. ಹಮಾಲನನ್ನು ಔಷಧಿಗೆ ಕಳಿಸಿದೆವು. ಕೂಗಿಯೋ ಕೆಮ್ಮಿಯೋ ಗಮನ ಸೆಳೆಯುವುದು ಶಬ್ದಾನುಪಾತ. ಕೆಮ್ಮಲು ಧೈರ್ಯವಿರದಿದ್ದರೂ ಮಾಳಿಗೆಯ ಮೇಲಿಂದ ಎಲ್ಲರನ್ನೂ ಕೂಗಿದೆವು. ಮುಖ ತೋರಿಸಿ ಸನ್ನೆ ಮಾಡುವುದು ರೂಪಾನುಪಾತ. ಕಿಟಕಿಯಲ್ಲಿ ನಿಂತದ್ದೇ ನಿಂತದ್ದು. ಕಲ್ಲು ಮಣ್ಣು ಎಸೆದು ಸೂಚನೆ ಕೊಡುವುದು ಪುದ್ಗಲಕ್ಷೇಪ. ಹಾಲಿನ ದುಡ್ಡನ್ನು ಕಾಗದದಲ್ಲಿ ಸುತ್ತಿ ಮೇಲಿನಿಂದ ಎಸೆದೆವು. ಸಾವಿರಾರು ವರ್ಷದ ಹಿಂದಿನ ಆಚಾರ್ಯರು ಮನೆಯಲ್ಲಿ ಕೂಡಲಾರದ ಮನುಷ್ಯನನ್ನು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರು!

ಔಷಧಿ ತಂದುಕೊಟ್ಟ ಹಮಾಲ ಬಾಗಿಲ ಹೊರಗೆ ದೂರ ನಿಂತು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಸಾವಕಾರ್ರ, ನಿಮಗ ಮನ್ಯಾಗ ಕುಂಡ್ರಾಕ ಬರತದ. ನಾವು ಕುಂತ್ರ ಒಲಿ ಹೊತ್ತಂಗಿಲ್ರಿ." ನಮ್ಮ ಮನೆಯವರು ಒಳಗಿನಿಂದ ಕೇಳಿಸಿಕೊಂಡರು. ಅಂದೇ ತಮ್ಮನ ಮಗನಿಗೆ ಫೋನು ಮಾಡಿಸಿ, ಅಂಗಡಿಯಲ್ಲಿ ಚೀಲ ಹೊತ್ತ ಎಲ್ಲ ಹಮಾಲರ ಮನೆಗೂ ಜೋಳ, ಬೇಳೆ, ಎಣ್ಣೆ ಮುಟ್ಟುವಂತೆ ಮಾಡಿದರು. "ಉದ್ರಿ ಅಂತ ಬರಿಬ್ಯಾಡ ಅಂತ ಹೇಳ್ರಿ" ಎಂದೂ ಸೇರಿಸಿದರು. ಮನೆಯಲ್ಲಿ ಕೂಡುವುದೂ ಉಳ್ಳವರ ಸುಖವೇ ಎಂಬುದು ಅಂದು ತಿಳಿಯಿತು.

ಇನ್ನು ಬರೆಯಲು ಕಷ್ಟವಾದ ಸಂಗತಿ.

ನಮ್ಮ ಮನೆಯವರ ತವರು ಆಳಂದ ತಾಲೂಕಿನ ಒಂದು ಹಳ್ಳಿ. ವಾಗದರಿ ದಾಟಿದರೆ ಕರ್ನಾಟಕ. ಇಲ್ಲಿಂದ ಒಂದು ತಾಸಿನ ದಾರಿ. ಅಲ್ಲೂ ಇಲ್ಲೂ ಮಾತು ಒಂದೇ, ತೊಗರಿ ಒಂದೇ, ಬೀಗತನ ಒಂದೇ. ಗಡಿ ಎಂಬುದು ನಮಗೆ ರಸ್ತೆಯ ಮಗ್ಗುಲಿನ ಹಲಗೆಯಲ್ಲಿ ಮಾತ್ರ ಇತ್ತು. 2020ರಲ್ಲಿ ಅದು ನಿಜವಾಗಿ ಗಡಿಯಾಯಿತು. ಹಳ್ಳಿಯವರು ದಾರಿಗೆ ಮಣ್ಣು ಸುರಿದು, ಜಾಲಿಮುಳ್ಳು ಹಾಕಿ ಮುಚ್ಚಿದರು. ಮೇ 18ರಂದು ಕರ್ನಾಟಕ ಸರಕಾರ ಮಹಾರಾಷ್ಟ್ರವೂ ಸೇರಿ ನಾಲ್ಕು ರಾಜ್ಯಗಳವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲ ಎಂದಿತು. ಅದೇ ವಾರ ತವರಿನಿಂದ ಫೋನು ಬಂತು. ಮನೆಯವರ ಅಕ್ಕ, ತಾಯಿಯಿಲ್ಲದ ಇವರನ್ನು ಬೆಳೆಸಿ ದೊಡ್ಡವರನ್ನಾಗಿ ಮಾಡಿದವರು, ಹಾಸಿಗೆ ಹಿಡಿದಿದ್ದರು. ಈ ರೋಗವಲ್ಲ, ವಯಸ್ಸಿನದು. ಅನ್ನ ಬಿಟ್ಟಿದ್ದರು.

ನಾವು ಯಾರು ಯಾರಿಗೋ ಫೋನು ಮಾಡಿದೆವು. ಪಾಸು ಇಲ್ಲಿಂದ ಸಿಕ್ಕರೆ ಅಲ್ಲಿ ಬಿಡುವುದಿಲ್ಲ, ಅಲ್ಲಿ ಬಿಟ್ಟರೂ ಹದಿನಾಲ್ಕು ದಿನ ಶಾಲೆಯಲ್ಲಿ ಇಡುತ್ತಾರೆ ಎಂದರು. ಮೂರನೆಯ ದಿನ ಅಕ್ಕನ ಸೊಸೆ ಫೋನಿನಲ್ಲಿ ಅಕ್ಕನ ಮುಖ ತೋರಿಸಿದಳು. ನಮ್ಮ ಮನೆಯವರು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಣಮೋಕಾರ ಮಂತ್ರ ಹೇಳುತ್ತ ಹೋದರು. ಅಕ್ಕನ ತುಟಿ ಅಲುಗುತ್ತಿದ್ದವು. ನಡುವೆ ಚಿತ್ರ ನಿಂತುಬಿಡುತ್ತಿತ್ತು, ಮತ್ತೆ ಬರುತ್ತಿತ್ತು. ಅಂದು ರಾತ್ರಿ ಅಕ್ಕ ತೀರಿಕೊಂಡರು. ತಲೆಯ ಮೇಲೆ ನೀರು ಹಾಕಿಕೊಂಡು ಬಂದು ಮನೆಯವರು ಸುಮ್ಮನೆ ಕುಳಿತರು. ಅಳಲಿಲ್ಲ. ಸಮಾಧಾನ ಹೇಳಬೇಕೆಂದು ನಾವು, "ಏನ್ ಮಾಡೋದು, ಗಡಿ ಮುಚ್ಚ್ಯಾರ. ನಮ್ಮ ಕೈಯಾಗ ಏನದ?" ಎಂದೆವು.

ಅವರು ನಮ್ಮ ಮುಖ ನೋಡಿ ಹೇಳಿದರು: "ಈಗ ಸರಕಾರ ಮುಚ್ಚ್ಯದ್ರಿ. ಅಪ್ಪ ಹೋಗೋ ಮುಂದ ಯಾರು ಮುಚ್ಚಿದ್ರು?"

1991ರ ಜನವರಿ. ತೊಗರಿಯ ಸುಗ್ಗಿ. ಆಗ ಮೊಬೈಲು ಇಲ್ಲ. ತವರಿನಿಂದ ಆಳು ಚೀಟಿ ತಂದಿದ್ದ. ಮಾವನವರು ಅನ್ನ ತ್ಯಜಿಸಿದ್ದಾರೆ, ನೀರಿನ ಮೇಲೆ ಇದ್ದಾರೆ, ಕಿರಿಯ ಮಗಳನ್ನು ನೋಡಬೇಕೆನ್ನುತ್ತಾರೆ ಎಂದು. ಅಂದು ಮಂಗಳವಾರ. ಬಂಡಿಗಳು ಬರುತ್ತಿದ್ದವು. ಮಾಲು ತಂದ ರೈತರಿಗೆ ಅಡತಿಯವರ ಮನೆಯಲ್ಲೇ ಊಟ ಹಾಕುವ ರೂಢಿ. ದಿನಕ್ಕೆ ಹದಿನೈದು ಇಪ್ಪತ್ತು ಎಲೆ ಬೀಳುತ್ತಿದ್ದವು. ಮನೆಯವರು ಹೋದರೆ ರೊಟ್ಟಿ ಬಡಿಯುವವರಿಲ್ಲ. ನಾವು ಅಂದೆವು: "ಈ ವಾರ ತಡಿ. ರವಿವಾರ ಬಜಾರ ಬಂದ್ ಇರತದ. ನಾನ ಕರಕೊಂಡು ಹೋಗತೀನಿ." ಅವರು ಮರುಮಾತಾಡಲಿಲ್ಲ. ಶುಕ್ರವಾರ ಸಂಜೆ ಎರಡನೆಯ ಚೀಟಿ ಬಂತು.

ಇದು ನಮಗೆ ಮರೆತೇಹೋಗಿತ್ತು ಎಂದರೆ ಸುಳ್ಳಾದೀತು. ನೆನಪಿತ್ತು. ಆದರೆ ನಮ್ಮ ನೆನಪಿನಲ್ಲಿ ಅದು, "ಮಾವನವರು ತೀರಿಕೊಂಡಾಗ ಸುಗ್ಗಿ ಇತ್ತು, ಮುಟ್ಟಲಾಗಲಿಲ್ಲ" ಎಂದಿತ್ತು. ಯಾರೋ ತಡೆದರು ಎಂದು ಇರಲಿಲ್ಲ.

ಜೂನ್‌ನಲ್ಲಿ ಲಾಕ್‌ಡೌನ್ ಸ್ವಲ್ಪ ಸಡಿಲಾಯಿತು. ಆದರೂ ಅರವತ್ತು ದಾಟಿದವರು ಹೊರಗೆ ಬರಬೇಡಿ ಎಂದು ಮಗನ ಅಪ್ಪಣೆ. ಹೊತ್ತು ಕಳೆಯಲು ಅಟ್ಟದ ಹಳೆಯ ಪುಸ್ತಕಗಳನ್ನು ಇಳಿಸಿ ಧೂಳು ಒರೆಸತೊಡಗಿದೆವು. ಕೆಂಪು ಬಟ್ಟೆ ಕಟ್ಟಿದ ಕೀರ್ದಿಗಳು, ವರ್ಷವಾರು. ಕೈ ತಾನಾಗಿ 1991ರದನ್ನು ಹುಡುಕಿತು. ಆ ಮಂಗಳವಾರದಿಂದ ಶುಕ್ರವಾರದವರೆಗಿನ ನಾಲ್ಕು ಪುಟ. ನಮ್ಮದೇ ಅಕ್ಷರ, ನೀಟಾಗಿ ಬರೆದದ್ದು. ಯಾವ ಊರಿನ ಯಾರ ಮಾಲು, ಎಷ್ಟು ಚೀಲ, ಏನು ಧಾರಣಿ, ತೂಕ, ಹಮಾಲಿ, ಅಡತಿ. ನಾಲ್ಕು ದಿನದ ಅಡತಿ ಕೂಡಿಸಿದೆವು. 3,740 ರೂಪಾಯಿ. ಮತ್ತೊಮ್ಮೆ ಕೂಡಿಸಿದೆವು. ಅಷ್ಟೇ. ಮಗಳು ತಂದೆಯ ಮುಖ ನೋಡುವುದಕ್ಕೆ ನಾವು ಕಟ್ಟಿದ ಬೆಲೆ ಅದು. ಆ ನಾಲ್ಕು ದಿನ ಎಪ್ಪತ್ತು ಎಲೆಗೆ ರೊಟ್ಟಿ ಬಡಿದವರ ಹೆಸರಿಗೆ ಆ ಪುಟಗಳಲ್ಲಿ ಒಂದು ಸಾಲೂ ಇರಲಿಲ್ಲ. ಜಮಾ ಇಲ್ಲ, ಖರ್ಚೂ ಇಲ್ಲ.

"ಎಂಟ ದಿನಕ್ಕ ಜೇಲು ಅನಸ್ತದೇನ್ರಿ?" ಎಂದ ಮಾತಿನ ಅರ್ಥ ಆಗ ತಿಳಿಯಿತು. ನಮಗೆ ಮೂರು ತಿಂಗಳಾದ ಮೇರೆ ಅವರಿಗೆ ನಲವತ್ತು ವರ್ಷದ್ದು. ನಮಗಾದರೋ ಅದನ್ನು ಹಾಕಿದವರು ಸರಕಾರ. ಅವರಿಗೆ ಹಾಕಿದವರು ನಾವು. ಆದರೂ ಅವರು ಆ ಮೇರೆಯೊಳಗೇ ಅಷ್ಟಮಿ ಚತುರ್ದಶಿ ನಡೆಸಿದರು, ನೀರು ಗಾಳಿಸಿದರು, ಮಕ್ಕಳಿಗೆ ಮಂತ್ರ ಕಲಿಸಿದರು. ಪಂಡಿತರು ಹೇಳಿದ ಎತ್ತಿನ ಮಾತಿಗೆ ಅವರು ಯಾಕೆ ನಗಲಿಲ್ಲ ಎಂಬುದು ಈಗ ವಾಚಕರಿಗೂ ತಿಳಿದಿರಬೇಕು.

ಆ ವರ್ಷದ ದಶಲಕ್ಷಣ ಆಗಸ್ಟ್ 23ರಿಂದ ಸೆಪ್ಟೆಂಬರ್ 1ರವರೆಗೆ ಬಂತು. ಬಸದಿ ಇನ್ನೂ ತೆರೆದಿರಲಿಲ್ಲ. ಭಾದ್ರಪದ ಬಹುಳ ಪಾಡ್ಯಕ್ಕೆ ಕ್ಷಮಾವಣಿ. ಪ್ರತಿ ವರ್ಷ ಆ ದಿನ ನಾವು ಬಿಳಿ ಪೈಜಾಮ ತೊಟ್ಟು ಹೊರಟರೆ ಸಂಜೆಯೊಳಗೆ ನಲವತ್ತು ಮನೆ ಮುಗಿಸುತ್ತಿದ್ದೆವು. ಕೈ ಮುಗಿದು, "ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಬೇಕು" ಎಂದು, ಲಾಡು ತಿಂದು, ಮುಂದಿನ ಮನೆ. ಮಾರನೆಯ ದಿನ ಅದೇ ಜನರೊಡನೆ ಧಾರಣಿಗಾಗಿ ಜಗಳ. ಆ ವರ್ಷ ಹೋಗಲು ಮನೆಗಳಿರಲಿಲ್ಲ. ಬೆಳಿಗ್ಗೆಯಿಂದ ಫೋನಿಗೆ ಒಂದೇ ಬಗೆಯ ಸಂದೇಶಗಳು ಬರುತ್ತಿದ್ದವು. ಬಂದದ್ದನ್ನೇ ಮುಂದಕ್ಕೆ ಕಳಿಸುತ್ತಿದ್ದೆವು. ನಲವತ್ತು ವರ್ಷದಲ್ಲಿ ನಲವತ್ತು ಮನೆಯ ಬಾಗಿಲು ತಟ್ಟಿದ್ದೆವು. ನಮ್ಮ ಮನೆಯ ಅಡಿಗೆಮನೆಯ ಬಾಗಿಲಿಗೆ ಎಂದೂ ಹೋಗಿ ನಿಂತಿರಲಿಲ್ಲ.

ಹೋಗಿ ನಿಂತೆವು. ಕೀರ್ದಿ ಪುಸ್ತಕ ಕೈಯಲ್ಲಿತ್ತು. ಏನೇನೋ ಹೇಳಬೇಕೆಂದು ಯೋಚಿಸಿದ್ದೆವು. ಬಾಯಿಗೆ ಬಂದದ್ದು ಇಷ್ಟೇ: "ಅಪ್ಪನವರ ವಿಷಯದಾಗ ನಂದು ತಪ್ಪಾಗ್ಯದ. ತಿಳಿದs ಆಗ್ಯದ. ಕ್ಷಮಾ ಮಾಡು."

ಅವರು ಬಹಳ ಹೊತ್ತು ಮಾತಾಡಲಿಲ್ಲ. ಪುಸ್ತಕ ಇಸಿದುಕೊಂಡು ಆ ಪುಟ ನೋಡಿದರು. "ಇಷ್ಟ ಏನ್ರಿ?" ಎಂದರು. ಮೊತ್ತ ನೋಡಿ ಹೇಳಿದ್ದು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, "ನಂದೂ ತಪ್ಪದ. ಅಂದ ನಾ ಎದ್ದು ಹೋಗಬೇಕಿತ್ತು. ನಿಮ್ಮ ಅಪ್ಪಣಿ ಕಾಯಬಾರದಿತ್ತು. ಮೂವತ್ತು ವರ್ಷ ನಿಮ್ಮ ಮ್ಯಾಲ ಸಿಟ್ಟು ಇಟ್ಟೀನಿ, ಒಂದ ದಿನ ಹೇಳಲಿಲ್ಲ" ಎಂದರು. ಕ್ಷಮಿಸಿದೆ ಎಂದು ಹೇಳಲಿಲ್ಲ. ನಾವೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಹಿಟ್ಟು ಮುಗದದ, ಮೂರ ದಿನ ಆತು. ಬರ್ರಿ" ಎಂದು ಬೀಸುಕಲ್ಲಿನ ಕಡೆ ಹೋದರು. ಗಿರಣಿ ಆಗ ತೆರೆದಿತ್ತು. ಆದರೂ ಇಬ್ಬರೂ ಕುಳಿತು ಬೀಸಿದೆವು.

ನವೆಂಬರ್ 16ರಂದು, ದೀಪಾವಳಿ ಪಾಡ್ಯದ ದಿನ, ಮಹಾರಾಷ್ಟ್ರದಲ್ಲಿ ಗುಡಿ ಬಸದಿಗಳ ಬಾಗಿಲು ತೆರೆಯಿತು. ಎಂಟು ತಿಂಗಳ ಮೇಲೆ ಇಬ್ಬರೂ ಒಟ್ಟಿಗೆ ದರ್ಶನ ಮಾಡಿದೆವು. ಅದೇ ವಾರ ಮನೆಯವರನ್ನು ತವರಿಗೆ ಕರೆದೊಯ್ದೆವು. ವಾಗದರಿಯ ಮುಂದೆ ಮಣ್ಣಿನ ಗುಡ್ಡೆ ಸವೆದು ರಸ್ತೆಯ ಬದಿಗೆ ಬಿದ್ದಿತ್ತು. ಅಕ್ಕನ ಮನೆಯಲ್ಲಿ ಅವರನ್ನು ಬಿಟ್ಟು, "ಎಂದು ಬರತಿ?" ಎಂದು ಕೇಳುವುದಕ್ಕೆ ಬಾಯಿ ತೆರೆದು ಮುಚ್ಚಿಕೊಂಡೆವು. ಅವರು ಹನ್ನೊಂದು ದಿನ ಇದ್ದರು. ಆ ಹನ್ನೊಂದು ದಿನ ನಾವು ಒಬ್ಬರೇ ನೀರು ಗಾಳಿಸಿ, ಅನ್ನ ಬೇಯಿಸಿಕೊಂಡು, ರೊಟ್ಟಿ ಬಡಿಯಲು ಹೋಗಿ ನಕಾಶೆಯಂತೆ ಮಾಡಿ ಉಂಡೆವು. ಅದು ಯಾರೂ ಹಾಕದೆ ನಾವಾಗಿ ಹಾಕಿಕೊಂಡ ಮೊದಲ ಮೇರೆ.

ಆಮೇಲಿನ ಪ್ರತಿ ದಶಲಕ್ಷಣಕ್ಕೂ ನಾವು ಹತ್ತು ದಿನ ದೇಶವ್ರತ ತೆಗೆದುಕೊಳ್ಳುತ್ತೇವೆ: ಮನೆ ಮತ್ತು ಬಸದಿ, ಇವುಗಳ ಹೊರಗೆ ಇಲ್ಲ. ಅಂಗಡಿಗೆ ಫೋನೂ ಇಲ್ಲ. ಮನೆಯವರು ತೆಗೆದುಕೊಳ್ಳುವುದಿಲ್ಲ. "ನಂದು ಆಗಲೇ ಆಗ್ಯದ್ರಿ" ಎನ್ನುತ್ತಾರೆ. ಈಗ ಅದನ್ನು ನಗುತ್ತ ಹೇಳುತ್ತಾರೆ. ನಮಗೆ ಅಷ್ಟು ಸಾಕು.

ಅಂಗಡಿಯಲ್ಲಿ ಕುಳಿತಿರುವ ತರುಣ ಬಂಧುಗಳಿಗೆ ನಮ್ಮ ವಿನಂತಿ ಒಂದೇ. ಸೊಸೆಗೋ ಹೆಂಡತಿಗೋ ತವರಿನಿಂದ ಕರೆ ಬಂದ ದಿನ ಗಾದಿಯಿಂದ ಏಳಿರಿ. ಸುಗ್ಗಿ ಮುಂದಿನ ವರ್ಷವೂ ಬರುತ್ತದೆ. ಆ ದಿನದ ಅಡತಿ ಎಷ್ಟು ಬಂತೆಂದು ಮೂವತ್ತು ವರ್ಷದ ಮೇಲೆ ಕೂಡಿಸಿ ನೋಡುವ ಪಾಳಿ ನಮಗೆ ಬಂದಂತೆ ನಿಮಗೆ ಬಾರದಿರಲಿ.

ಬರೆದುದರಲ್ಲಿ ತಪ್ಪಿದ್ದರೆ ಕ್ಷಮೆಯಿರಲಿ. ಜಯ ಜಿನೇಂದ್ರ.